ತಪ್ಪು ಉತ್ತರಕ್ಕೆ ಆಪ್ ಏನು ಮಾಡುತ್ತೆ?

ಸಿನಿಮಾ ಬಂದರೆ ವಿಮರ್ಶೆ ಬರೀತೀವಿ. ಹೊಸ ಫೋನ್ ಬಂದರೆ ಡಬ್ಬಿ ಬಿಚ್ಚೋದರಿಂದ ಹಿಡಿದು ವಿಡಿಯೋ ಮಾಡ್ತೀವಿ. ಮಸಾಲೆ ದೋಸೆಗೂ ಸ್ಟಾರ್ ಕೊಡ್ತೀವಿ. ಆದರೆ ಮಕ್ಕಳ ತರಗತಿಯೊಳಗೆ ಬಂದು ಕೂತಿರೋ ಸಾಫ್ಟ್‌ವೇರ್‌ಗಳ ಬಗ್ಗೆ ಕನ್ನಡದಲ್ಲಿ ಓದೋಕೆ ಸಿಗೋದು ಹೆಚ್ಚಾಗಿ ಎರಡೇ ಥರ. ಒಂದು, ‘ಶಿಕ್ಷಕರಿಗೆ ಉಪಯುಕ್ತವಾದ 10 ಆಪ್‌ಗಳು’ ಅನ್ನೋ ಪಟ್ಟಿ. ಇನ್ನೊಂದು, ‘ಮೊಬೈಲಿಂದ ಮಕ್ಕಳು ಹಾಳಾಗಿ ಹೋದರು’ ಅನ್ನೋ ಗೋಳು. ಎರಡರಲ್ಲೂ ಆ ಆಪ್ ತರಗತಿಯಲ್ಲಿ ನಿಜಕ್ಕೂ ಏನು ಮಾಡುತ್ತೆ ಅನ್ನೋದು ಇರಲ್ಲ.

ನನ್ನ ಚಿಕ್ಕಪ್ಪನ ಮಗಳು ಬಿ.ಎಡ್. ಎರಡನೇ ವರ್ಷದಲ್ಲಿದ್ದಾಳೆ. ವಿಷಯ ಗಣಿತ ಮತ್ತು ವಿಜ್ಞಾನ. ಡಿಜಿಟಲ್ ಸಾಧನಗಳ ಬಗ್ಗೆ ಒಂದು ಅಸೈನ್‌ಮೆಂಟ್ ಬರೆದು, ‘ಅಣ್ಣ, ನೀನು ಇದೇ ಫೀಲ್ಡಲ್ಲಿ ಇದೀಯಲ್ಲ, ಒಂದ್ಸಲ ನೋಡಿ ಹೇಳು’ ಅಂತ ಕಳಿಸಿದಳು. ಹತ್ತು ಸಾಧನ, ಪ್ರತಿಯೊಂದಕ್ಕೂ ಅನುಕೂಲ, ಅನಾನುಕೂಲ. ಅಚ್ಚುಕಟ್ಟಾಗಿತ್ತು. ಆದರೆ ಓದ್ತಾ ಹೋದ ಹಾಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಹತ್ತೂ ಸಾಧನಗಳ ಅನುಕೂಲ ಒಂದೇ: ‘ಮಕ್ಕಳಲ್ಲಿ ಆಸಕ್ತಿ ಮೂಡಿಸುತ್ತದೆ’. ಹತ್ತರ ಅನಾನುಕೂಲವೂ ಒಂದೇ: ‘ಇಂಟರ್ನೆಟ್ ಮತ್ತು ವಿದ್ಯುತ್ ಬೇಕಾಗುತ್ತದೆ’. ಅಂದರೆ ನಾಳೆ ಎಲ್ಲ ಶಾಲೆಗೂ ಫೈಬರ್ ಕೇಬಲ್ ಬಂದು ಯುಪಿಎಸ್ ಕೂತರೆ ಈ ಹತ್ತರಲ್ಲಿ ಯಾವುದಕ್ಕೂ ಯಾವ ದೋಷವೂ ಉಳಿಯಲ್ಲ!

ಇದು ಅವಳೊಬ್ಬಳ ಸಮಸ್ಯೆ ಅಲ್ಲ. ಅವಳಿಗೆ ಸಿಕ್ಕ ನೋಟ್ಸ್ ಹಾಗಿದೆ, ಅಂಕ ಬರೋದೂ ಹಾಗೇ. ಹಾಗಾಗಿ ಆ ಪಟ್ಟಿಯಲ್ಲಿದ್ದ ನಾಲ್ಕೈದು ಸಾಧನಗಳನ್ನ ಬೇರೆ ಥರ ನೋಡೋಣ ಅಂತ ಕೂತೆ. ಮೂರು ಪ್ರಶ್ನೆ ಇಟ್ಟುಕೊಂಡೆ. ಒಂದು, ತರಗತಿಯಲ್ಲಿ ಇರೋದು ಒಂದೇ ಫೋನ್ ಅಂದರೆ ಇದು ನಡೆಯುತ್ತಾ? ಎರಡು, ಸೀಮೆಸುಣ್ಣ ತೋರಿಸೋಕೆ ಆಗದ ಏನನ್ನ ಇದು ತೋರಿಸುತ್ತೆ? ಮೂರು, ಮಗು ತಪ್ಪು ಉತ್ತರ ಕೊಟ್ಟಾಗ ಇದು ಏನು ಮಾಡುತ್ತೆ?

ಮೊದಲ ಪ್ರಶ್ನೆ ಸುಮ್ಮನೆ ಕೇಳಿದ್ದಲ್ಲ. 2023-24ರ ಯುಡೈಸ್ ಪ್ಲಸ್ ವರದಿ ಪ್ರಕಾರ ದೇಶದಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇರೋ ಶಾಲೆಗಳು ಸುಮಾರು ಶೇ. 57, ಇಂಟರ್ನೆಟ್ ಇರೋವು ಸುಮಾರು ಶೇ. 54. ಶಾಲೆಯಲ್ಲಿ ಕಂಪ್ಯೂಟರ್ ಇದೆ ಅಂದರೆ ಅದು ತರಗತಿಯಲ್ಲಿದೆ ಅಂತಲೂ ಅಲ್ಲ. ಹೆಡ್‌ಮಾಸ್ಟರ್ ರೂಮಲ್ಲಿ ಬಟ್ಟೆ ಹೊದ್ದುಕೊಂಡು ಕೂತಿರಬಹುದು. ಆದರೆ ಮೂರರಲ್ಲಿ ನಿಜವಾಗಿ ಜರಡಿ ಹಿಡಿಯೋದು ಮೂರನೆಯದು.

ಪಟ್ಟಿಯಲ್ಲಿ ಮೊದಲು ಇದ್ದದ್ದು ಕಹೂಟ್. ನಾರ್ವೆಯಲ್ಲಿ ಹುಟ್ಟಿ 2013ರಲ್ಲಿ ಹೊರಬಂದ ಕ್ವಿಜ್ ಆಟ. ಆಫೀಸಿನ ಟೀಮ್ ಔಟಿಂಗಲ್ಲಿ ನೀವೂ ಆಡಿರ್ತೀರಿ. ದೊಡ್ಡ ಪರದೆ ಮೇಲೆ ಪ್ರಶ್ನೆ, ಕೈಯಲ್ಲಿರೋ ಫೋನಲ್ಲಿ ಕೆಂಪು, ನೀಲಿ, ಹಳದಿ, ಹಸಿರು ಗುಂಡಿ, ಹಿಂದೆ ಎದೆ ಬಡಿತ ಏರಿಸೋ ಸಂಗೀತ. ಮಜಾ ಇದೆ, ಸುಳ್ಳು ಹೇಳಲ್ಲ. ಆದರೆ ಅಂಕದ ಲೆಕ್ಕ ನೋಡಿ. ಮಾಮೂಲಿ ಸೆಟ್ಟಿಂಗಲ್ಲಿ ಒಂದು ಪ್ರಶ್ನೆಗೆ ಗರಿಷ್ಠ 1000 ಅಂಕ. ಸರಿ ಉತ್ತರವನ್ನೇ ತಡವಾಗಿ ಕೊಟ್ಟರೆ ಅಂಕ ಇಳೀತಾ ಹೋಗುತ್ತೆ. ಅಂದರೆ ಯೋಚನೆ ಮಾಡಿದ್ದಕ್ಕೆ ದಂಡ. ಈ ಲೆಕ್ಕ ಬದಲಾಯಿಸೋ ಆಯ್ಕೆ ಇದೆ. ಆದರೆ ನಮ್ಮ ಉದ್ಯೋಗದಲ್ಲಿ ಇರೋರಿಗೆಲ್ಲ ಗೊತ್ತು, ಡೀಫಾಲ್ಟ್ ಏನಿರುತ್ತೋ ಹೆಚ್ಚಿನವರು ಅದನ್ನೇ ಬಳಸೋದು. ಪ್ರತಿ ಪ್ರಶ್ನೆ ಆದಮೇಲೆ ಮುಂದಿರೋರ ಹೆಸರು ಪರದೆ ಮೇಲೆ ಬರುತ್ತೆ. ತಪ್ಪು ಉತ್ತರ ಕೊಟ್ಟ ಮಗುವಿಗೆ ಸಿಗೋದು ಒಂದು ಕೆಂಪು ಗುರುತು, ಆಮೇಲೆ ಮುಂದಿನ ಪ್ರಶ್ನೆ. ಯಾಕೆ ತಪ್ಪಾಯ್ತು ಅಂತ ಕೇಳೋಕೆ ಆಟದ ಓಟದಲ್ಲಿ ಜಾಗ ಇಲ್ಲ. ಶಿಕ್ಷಕಿಯೇ ಓಟ ನಿಲ್ಲಿಸಿ ಜಾಗ ಮಾಡಿಕೊಳ್ಳಬೇಕು.

ಅದೇ ಪಟ್ಟಿಯ ಕೊನೆಯಲ್ಲಿ, ಎರಡೇ ಸಾಲಲ್ಲಿ ಮುಗಿಸಿದ್ದ ಸಾಧನ ಪ್ಲಿಕರ್ಸ್. ಇದರಲ್ಲಿ ಮಕ್ಕಳ ಕೈಗೆ ಕೊಡೋದು ಫೋನ್ ಅಲ್ಲ, ಒಂದು ಪ್ರಿಂಟ್ ಹಾಕಿದ ಕಾಗದ. ಕ್ಯೂಆರ್ ಥರದ ಚಿತ್ರ, ನಾಲ್ಕು ಬದಿಗೆ ಸಣ್ಣದಾಗಿ ಎ, ಬಿ, ಸಿ, ಡಿ. ತಮ್ಮ ಉತ್ತರದ ಅಕ್ಷರ ಮೇಲಕ್ಕೆ ಬರೋ ಹಾಗೆ ಮಕ್ಕಳು ಕಾಗದ ಎತ್ತಿ ಹಿಡೀತಾರೆ. ಶಿಕ್ಷಕಿ ತನ್ನ ಒಂದೇ ಫೋನಿನ ಕ್ಯಾಮೆರಾವನ್ನ ತರಗತಿ ಮೇಲೆ ಆಡಿಸಿದರೆ ಯಾರು ಯಾವ ಉತ್ತರ ಕೊಟ್ಟರು ಅಂತ ಬರುತ್ತೆ. ಒಬ್ಬೊಬ್ಬರ ಚಿತ್ರವೂ ಬೇರೆ, ಹಾಗಾಗಿ ಪಕ್ಕದವನ ಕಾಗದ ನೋಡಿ ತಿರುಗಿಸಿದರೆ ಕೆಲಸ ಆಗಲ್ಲ. ಸಂಗೀತ ಇಲ್ಲ, ಓಟ ಇಲ್ಲ. ಕೈ ಎತ್ತಿ ಅಂದರೆ ಯಾವತ್ತೂ ಎತ್ತದ ಮಗುವೂ ಇಲ್ಲಿ ಉತ್ತರ ಕೊಟ್ಟಿರುತ್ತೆ.

ಈಗ ಒಂದು ಪ್ರಶ್ನೆ ಹಾಕೋಣ. 0.35 ಮತ್ತು 0.5, ಯಾವುದು ದೊಡ್ಡದು? ದಶಮಾಂಶ ಹೊಸದಾಗಿ ಕಲಿಯೋ ಬಹಳಷ್ಟು ಮಕ್ಕಳು 0.35 ಅಂತಾರೆ. 35 ದೊಡ್ಡದು, 5 ಚಿಕ್ಕದು ಅನ್ನೋ ಲೆಕ್ಕ. ಇದು ದಡ್ಡತನ ಅಲ್ಲ, ಪೂರ್ಣಸಂಖ್ಯೆಯಲ್ಲಿ ಸರಿಯಾಗೇ ಕಲಿತಿದ್ದ ನಿಯಮವನ್ನ ಇಲ್ಲಿಗೂ ತಂದಿದ್ದಾರೆ. ಶಿಕ್ಷಕಿಯ ಫೋನಲ್ಲಿ ಅರ್ಧ ತರಗತಿ 0.35 ಅಂತ ಕಂಡರೆ ಅವಳು ಅಲ್ಲೇ ನಿಲ್ಲಬಹುದು. ಮೀಟರ್ ಪಟ್ಟಿ ತರಿಸಿ, 0.35 ಮೀಟರ್ ಅಂದರೆ 35 ಸೆಂಟಿಮೀಟರ್, 0.5 ಮೀಟರ್ ಅಂದರೆ 50 ಅಂತ ಅವರ ಕೈಯಲ್ಲೇ ಗುರುತು ಹಾಕಿಸಬಹುದು. ತಪ್ಪು ಉತ್ತರ ಇಲ್ಲಿ ಪಾಠದ ದಾರಿ ಬದಲಾಯಿಸಿತು.

ಆದರೆ ಗಮನಿಸಿ, ಇಲ್ಲಿ ಜಾಣತನ ಇರೋದು ಆಪ್‌ನಲ್ಲಿ ಅಲ್ಲ. ಮಕ್ಕಳು 0.35 ಅಂತಾರೆ ಅನ್ನೋದು ಮೊದಲೇ ಗೊತ್ತಿದ್ದು ಆ ಪ್ರಶ್ನೆ ಹಾಕಿದವಳಲ್ಲಿ. 0.2 ಮತ್ತು 0.7 ಯಾವುದು ದೊಡ್ಡದು ಅಂತ ಕೇಳಿದ್ದರೆ ಎಲ್ಲರೂ ಸರಿ ಹೇಳ್ತಿದ್ದರು, ಯಾರಿಗೂ ಏನೂ ತಿಳೀತಿರಲಿಲ್ಲ.

ಮುಂದಿನದು ಫೆಟ್ ಸಿಮ್ಯುಲೇಷನ್‌ಗಳು. ಭೌತಶಾಸ್ತ್ರದಲ್ಲಿ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ್ದು. ಉಚಿತ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ಓಡುತ್ತೆ, ಕನ್ನಡಕ್ಕೆ ಅನುವಾದ ಆದವೂ ಇವೆ. ವಿದ್ಯುತ್ ಮಂಡಲ ಕಟ್ಟೋ ಸಿಮ್ಯುಲೇಷನ್ ತಗೊಳ್ಳಿ. ಬ್ಯಾಟರಿ, ವೈರ್, ಬಲ್ಬ್ ಎಳೆದು ಜೋಡಿಸಬೇಕು. ತಪ್ಪಾಗಿ ಜೋಡಿಸಿದರೆ ‘ತಪ್ಪು’ ಅಂತ ಯಾರೂ ಹೇಳಲ್ಲ, ಬಲ್ಬ್ ಹತ್ತಲ್ಲ ಅಷ್ಟೇ. ಬ್ಯಾಟರಿಯ ಎರಡು ತುದಿಗೂ ನೇರ ವೈರ್ ಸಿಕ್ಕಿಸಿದರೆ ಪರದೆ ಮೇಲೆ ಬೆಂಕಿ ಕಾಣುತ್ತೆ. ಮಗು ತಾನೇ ಬಿಚ್ಚಿ ಮತ್ತೆ ಜೋಡಿಸುತ್ತೆ. ಮೂರನೇ ಪ್ರಶ್ನೆಗೆ ಇದಕ್ಕಿಂತ ಒಳ್ಳೇ ಉತ್ತರ ಆ ಪಟ್ಟಿಯಲ್ಲಿ ಇರಲಿಲ್ಲ.

ಹಾಗಂತ ದೋಷ ಇಲ್ಲ ಅಂತಲ್ಲ. ವೈರಿನೊಳಗೆ ಎಲೆಕ್ಟ್ರಾನ್‌ಗಳು ಸಣ್ಣ ಗುಂಡುಗಳ ಹಾಗೆ ಸಾಲಾಗಿ ಓಡ್ತವೆ. ಅದು ಅರ್ಥ ಮಾಡಿಸೋಕೆ ಬರೆದ ಚಿತ್ರ, ನಿಜವಾದ ನೋಟ ಅಲ್ಲ ಅಂತ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಇನ್ನೊಂದು, ಈ ಲೋಕದಲ್ಲಿ ಎಲ್ಲವೂ ಸುಸೂತ್ರ. ನಿಜವಾದ ಬಲ್ಬಿಗೆ ವೈರ್ ಸಡಿಲ ಆಗುತ್ತೆ, ಸೆಲ್ ಖಾಲಿ ಆಗಿರುತ್ತೆ, ತುದಿಗೆ ತುಕ್ಕು ಹಿಡಿದಿರುತ್ತೆ. ಹಳೇ ಟಾರ್ಚ್ ಬಿಚ್ಚಿ ಸೆಲ್ ಮತ್ತು ಬಲ್ಬ್ ತಗೊಂಡು ಪಕ್ಕದಲ್ಲೇ ಇಟ್ಟುಕೊಂಡು ಮಾಡಿದರೆ ಮಾತ್ರ ಪರದೆಯ ಮಂಡಲಕ್ಕೂ ಕೈಯಲ್ಲಿರೋ ಮಂಡಲಕ್ಕೂ ಇರೋ ಅಂತರ ಮಕ್ಕಳಿಗೆ ಗೊತ್ತಾಗೋದು. ಅನುವಾದದ ಪದ ಪಠ್ಯಪುಸ್ತಕದ ಪದಕ್ಕೆ ಹೊಂದುತ್ತಾ ಅಂತಲೂ ಹಿಂದಿನ ದಿನವೇ ನೋಡಿಕೊಳ್ಳಬೇಕು. ಪುಸ್ತಕದಲ್ಲಿ ಒಂದು, ಪರದೆಯಲ್ಲಿ ಇನ್ನೊಂದು ಅಂದರೆ ಮಗು ವಿಜ್ಞಾನ ಬಿಟ್ಟು ಪದಗಳ ಜೊತೆ ಗುದ್ದಾಡುತ್ತೆ.

ಜಿಯೋಜೀಬ್ರಾ ನನ್ನ ಇಷ್ಟದ್ದು, ಹಾಗಾಗಿ ಸ್ವಲ್ಪ ಹೆಚ್ಚೇ ಕಟುವಾಗಿ ನೋಡಿದೆ. ಆಸ್ಟ್ರಿಯಾದ ಮಾರ್ಕುಸ್ ಹೋಹೆನ್‌ವಾರ್ಟರ್ 2001ರಲ್ಲಿ ವಿದ್ಯಾರ್ಥಿಯಾಗಿದ್ದಾಗ ಶುರು ಮಾಡಿದ ತಂತ್ರಾಂಶ. ತ್ರಿಭುಜದ ಒಂದು ಮೂಲೆ ಹಿಡಿದು ಎಳೆದರೆ ಕೋನಗಳು ಬದಲಾಗ್ತಾ ಹೋಗ್ತವೆ. ಸೀಮೆಸುಣ್ಣಕ್ಕೆ ಆಗದ್ದು ಇದೇ, ಚಲನೆ. ಅರ್ಧವೃತ್ತದ ಮೇಲೆ ಬಿಂದು ಎಲ್ಲಿ ಓಡಾಡಿದರೂ ಆ ಕೋನ 90 ಡಿಗ್ರಿಯಲ್ಲೇ ನಿಲ್ಲೋದನ್ನ ನೋಡಿದರೆ ಪ್ರಮೇಯ ಅಂದರೇನು ಅಂತ ಮೊದಲ ಸಲ ಹೊಳೆಯುತ್ತೆ.

ಆದರೆ ಇಲ್ಲೊಂದು ಗುಂಡಿ ಇದೆ. ತ್ರಿಭುಜದ ಮೂರು ಕೋನಗಳು ಪರದೆಯಲ್ಲಿ 45.11, 61.22, 73.66 ಅಂತ ಬಂದವು ಅಂದುಕೊಳ್ಳಿ. ಕೂಡಿ ನೋಡಿ, 179.99. ಹಿಂದಿನ ಬೆಂಚಿನ ಹುಡುಗ ಎದ್ದು ‘ಮಿಸ್, 180 ಬರಲಿಲ್ಲ’ ಅಂತಾನೆ. ಒಳಗಿರೋ ಸಂಖ್ಯೆಗಳು 45.114, 61.224, 73.662 ಆಗಿದ್ದು, ತೋರಿಸುವಾಗ ಎರಡು ದಶಮಾಂಶಕ್ಕೆ ಕತ್ತರಿಸಿದರೆ ಹೀಗಾಗುತ್ತೆ. ಇದು ಗೊತ್ತಿಲ್ಲದ ಶಿಕ್ಷಕಿ ‘ಕಂಪ್ಯೂಟರ್ ಪ್ರಾಬ್ಲಂ, ಕೂತ್ಕೋ’ ಅಂತಾಳೆ. ಗೊತ್ತಿರೋಳು ಅಲ್ಲಿಂದಲೇ ಪಾಠ ಶುರು ಮಾಡ್ತಾಳೆ: ಅಳತೆ ಬೇರೆ, ಸಾಧನೆ ಬೇರೆ. ಸಾವಿರ ತ್ರಿಭುಜ ಎಳೆದು ನೋಡಿದರೂ ಅದು ಸಾವಿರ ಉದಾಹರಣೆ ಮಾತ್ರ. ಶೃಂಗದ ಮೂಲಕ ಒಂದು ಸಮಾಂತರ ರೇಖೆ ಎಳೆದಾಗ ಎಲ್ಲ ತ್ರಿಭುಜಕ್ಕೂ ಒಂದೇ ಸಲ ಉತ್ತರ ಸಿಗುತ್ತೆ. ಆ ರೇಖೆಗೆ ಸೀಮೆಸುಣ್ಣ ಸಾಕು.

ದೀಕ್ಷಾ ಬಗ್ಗೆ ಬರೆಯದೆ ಈ ಪಟ್ಟಿ ಮುಗಿಯಲ್ಲ. 2017ರ ಸೆಪ್ಟೆಂಬರ್ 5ರಂದು, ಶಿಕ್ಷಕರ ದಿನ, ಶುರುವಾದ ಸರ್ಕಾರಿ ವೇದಿಕೆ. ಪಠ್ಯಪುಸ್ತಕದಲ್ಲಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೆ ಅದೇ ಪಾಠದ ಸಾಮಗ್ರಿ ತೆರೆಯುತ್ತೆ. ರಾಜ್ಯದ ಪಠ್ಯಕ್ಕೆ, ರಾಜ್ಯದ ಭಾಷೆಗೆ ಹೊಂದಿಸಿರೋದು ದೊಡ್ಡ ಗುಣ. ಖಾಸಗಿ ಆಪ್‌ಗಳು ದುಡ್ಡು ಬರದ ಕಡೆ ಬರಲ್ಲ, ಇದು ಬಂತು. ಆದರೆ ಪಾಠವನ್ನ ವಿಡಿಯೋ ಮಾಡಿ ಇಟ್ಟ ಮಾತ್ರಕ್ಕೆ ಅದು ಬೋಧನೆ ಆಗಲ್ಲ. ವಿಡಿಯೋಗೆ ತಪ್ಪು ಉತ್ತರ ಕೇಳಿಸೋದೇ ಇಲ್ಲ. ಅದನ್ನ ಎಲ್ಲಿ ನಿಲ್ಲಿಸಬೇಕು, ನಿಲ್ಲಿಸಿ ಏನು ಕೇಳಬೇಕು ಅನ್ನೋದನ್ನ ಯಾವ ಕ್ಯೂಆರ್ ಕೋಡೂ ಹೇಳಿಕೊಡಲ್ಲ.

ಈ ಕಥೆ ಹೊಸದಲ್ಲ. 1913ರಲ್ಲೇ ಥಾಮಸ್ ಎಡಿಸನ್, ಶಾಲೆಗಳಲ್ಲಿ ಪುಸ್ತಕದ ಕಾಲ ಮುಗೀತು, ಇನ್ನು ಚಲನಚಿತ್ರವೇ ಎಲ್ಲ ಕಲಿಸುತ್ತೆ ಅಂದಿದ್ದ. 1975ರ ಆಗಸ್ಟಿಂದ ಒಂದು ವರ್ಷ ಸೈಟ್ ಯೋಜನೆಯಲ್ಲಿ ಅಮೆರಿಕದ ಉಪಗ್ರಹದ ಮೂಲಕ ದೇಶದ ಸುಮಾರು 2400 ಹಳ್ಳಿಗಳಿಗೆ ಟಿವಿ ಬಂತು, ನಮ್ಮ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳೂ ಅದರಲ್ಲಿದ್ದವು. 2004ರಲ್ಲಿ ಇಸ್ರೋ ಶಿಕ್ಷಣಕ್ಕೆಂದೇ ಎಡುಸ್ಯಾಟ್ ಹಾರಿಸಿತು. ಕೊರೋನಾ ಕಾಲದಲ್ಲಿ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠ ಬಂತು. ಇವು ಯಾವುದನ್ನೂ ವ್ಯರ್ಥ ಅನ್ನಲ್ಲ, ಶಾಲೆ ಮುಚ್ಚಿದ್ದಾಗ ಟಿವಿ ಪಾಠ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಆದರೆ ಹೇಳೋ ದನಿ ದೂರ ದೂರ ತಲುಪಿದ ಹಾಗೆ ಕೇಳೋ ಕಿವಿ ತಲುಪಲಿಲ್ಲ.

ಬಿ.ಎಡ್. ನೋಟ್ಸ್‌ನಲ್ಲಿ ಮೂರು ವೃತ್ತಗಳ ಚಿತ್ರ ಒಂದಿರುತ್ತೆ: ವಿಷಯ ಜ್ಞಾನ, ಬೋಧನಾ ಜ್ಞಾನ, ತಂತ್ರಜ್ಞಾನ. ಟಿಪ್ಯಾಕ್ ಅಂತಾರೆ. 2006ರಲ್ಲಿ ಪುಣ್ಯ ಮಿಶ್ರಾ ಮತ್ತು ಮ್ಯಾಥ್ಯೂ ಕೋಹ್ಲರ್ ಇದನ್ನ ಮುಂದಿಟ್ಟರು, 1980ರ ದಶಕದಲ್ಲಿ ಲೀ ಶುಲ್ಮನ್ ಹೇಳಿದ ವಿಚಾರಕ್ಕೆ ತಂತ್ರಜ್ಞಾನ ಸೇರಿಸಿ. ಅವರ ಮಾತಿನ ತಿರುಳು ಇರೋದು ಮೂರೂ ವೃತ್ತ ಸೇರೋ ನಡುವಿನ ಜಾಗದಲ್ಲಿ. 0.35ರ ಪ್ರಶ್ನೆ ಇರೋದು ಅಲ್ಲೇ. ಪರೀಕ್ಷೆಯಲ್ಲಿ ಚಿತ್ರ ಬರೆದರೆ ಅಂಕ ಸಿಗುತ್ತೆ, ಆ ನಡುವಿನ ಜಾಗಕ್ಕೆ ಒಂದು ಉದಾಹರಣೆ ಕೊಡು ಅಂತ ಕೇಳಿದರೆ ಎಷ್ಟು ಜನ ಬರೀತಾರೆ?

ನನಗೆ ಇದು ಬರೀ ಅಸೈನ್‌ಮೆಂಟ್ ಮಾತು ಅನ್ನಿಸದೇ ಇರೋಕೆ ಕಾರಣ ಇದೆ. ಎರಡನೇ ವರ್ಷದಲ್ಲಿ ಇವರಿಗೆ 16 ವಾರ ಶಾಲಾ ಇಂಟರ್ನ್‌ಶಿಪ್. ನೋಡೋಕೆ ಬಂದವರು ‘ಐಸಿಟಿ ಬಳಸಿದ್ದಾರೆ’ ಅಂತ ಟಿಕ್ ಹಾಕಿ ಹೋದರೆ, ಮುಂದಿನ ಮೂವತ್ತು ವರ್ಷ ಆ ಟಿಕ್‌ಗೋಸ್ಕರ ಪಾಠ ಮಾಡೋ ಶಿಕ್ಷಕಿ ತಯಾರಾಗ್ತಾಳೆ. ನಮ್ಮ ಉದ್ಯಮದಲ್ಲೂ ಅದೇ ಆಗೋದು. ಲಾಗ್ ಆಗೋದನ್ನ ಅಳೀತೀವಿ, ಅಳೆದದ್ದನ್ನ ಸಾಧನೆ ಅಂತೀವಿ. ಮಗು ಎಷ್ಟು ಸಲ ಗುಂಡಿ ಒತ್ತಿತು ಅನ್ನೋದು ಲಾಗ್ ಆಗುತ್ತೆ. ಉತ್ತರ ಹೇಳೋಕೆ ಮುಂಚೆ ಒಂದು ಕ್ಷಣ ತಡೆದು ತನ್ನ ಮನಸ್ಸು ಬದಲಾಯಿಸಿಕೊಂಡಿದ್ದು ಯಾವ ಡ್ಯಾಶ್‌ಬೋರ್ಡಲ್ಲೂ ಕಾಣಲ್ಲ.

ಹಾಗಾಗಿ ನನ್ನ ತೀರ್ಪು ಇಷ್ಟು. ಫೆಟ್ ಇರಲಿ, ಜೊತೆಗೆ ಟಾರ್ಚ್ ಬಲ್ಬ್ ಇರಲಿ. ಪ್ಲಿಕರ್ಸ್ ಇರಲಿ, ವಾರಕ್ಕೆ ಎರಡೇ ಪ್ರಶ್ನೆ ಸಾಕು, ಆದರೆ ತಪ್ಪು ಆಯ್ಕೆಗಳನ್ನ ಯೋಚಿಸಿ ಬರೆದಿರಬೇಕು. ಜಿಯೋಜೀಬ್ರಾ ಇರಲಿ, ಸಾಧನೆ ಹಲಗೆ ಮೇಲೆ ಆಗಲಿ. ದೀಕ್ಷಾದ ವಿಡಿಯೋ ಮೊದಲು ಶಿಕ್ಷಕಿ ನೋಡಲಿ, ಎಲ್ಲಿ ನಿಲ್ಲಿಸೋದು ಅಂತ ಗುರುತು ಹಾಕಿಕೊಳ್ಳಲಿ. ಕಹೂಟ್ ಶನಿವಾರ ಬೆಳಗಿನ ಕೊನೇ ಪೀರಿಯಡ್‌ಗೆ ಇಟ್ಟುಕೊಳ್ಳಿ, ಸಂತೋಷಕ್ಕೆ. ಮತ್ತೆ ಅಸೈನ್‌ಮೆಂಟ್ ಕೊಡೋ ಮೇಷ್ಟ್ರುಗಳಿಗೆ ಒಂದು ಮನವಿ: ಹತ್ತು ಸಾಧನಗಳ ಪಟ್ಟಿ ಕೇಳಬೇಡಿ ಸಾರ್. ಒಂದೇ ಸಾಧನ, ಒಂದೇ ಪಾಠ ಸಾಕು. ಅದರಲ್ಲಿ ಮಕ್ಕಳು ಕೊಟ್ಟ ಮೂರು ತಪ್ಪು ಉತ್ತರ ಯಾವುವು, ಅವನ್ನ ಕೇಳಿದ ಮೇಲೆ ನೀನು ಏನು ಮಾಡಿದೆ ಅಂತ ಬರೆಸಿ. ಅದನ್ನ ಯಾವ ವೆಬ್‌ಸೈಟಿಂದಲೂ ಕಾಪಿ ಹೊಡೆಯೋಕೆ ಆಗಲ್ಲ, ತರಗತಿಗೇ ಹೋಗಬೇಕು.