ಉಕ್ಕು, ನೊರೆ ಮತ್ತು ಲವಲವಿಕೆ

ಪುಸ್ತಕ ವಿಮರ್ಶೆ ಬರೆಯುವವರಿಗೆ ಕೆಲವು ಮಾತುಗಳು ಕೈಗೆ ಸುಲಭವಾಗಿ ಸಿಗುತ್ತವೆ. ‘ಲವಲವಿಕೆಯ ಶೈಲಿ’ ಎಂಬುದು ಅವುಗಳಲ್ಲೊಂದು. ಹರಟೆಗೂ ಅದೇ, ಕಾದಂಬರಿಗೂ ಅದೇ, ಪ್ರವಾಸಕಥನಕ್ಕೂ ಅದೇ. ಆಕಳಿಕೆ ಬರಿಸದ ಯಾವ ಬರವಣಿಗೆಗಾದರೂ ಈ ಹಾರ ಹಾಕಿ ಕಳುಹಿಸಬಹುದು. ಎಲ್ಲರ ಕೊರಳಿಗೂ ಬಿದ್ದ ಹಾರಕ್ಕೆ ಬೆಲೆ ಎಷ್ಟು ಉಳಿದೀತು?

ಈ ಮಾತಿನ ಸ್ವಂತ ಮನೆ ವಿಮರ್ಶೆಯಲ್ಲ. ತುಮಕೂರಿನ ಯಾವುದೋ ಒಂದು ಮನೆಯಲ್ಲಿ ಮೂರು ದಿನ ಜ್ವರದಿಂದ ಮಲಗಿದ್ದ ಮಗು ನಾಲ್ಕನೆಯ ದಿನ ಎದ್ದು, ಗೊಂಬೆಗಾಗಿ ಅಕ್ಕನೊಡನೆ ಜಗಳಕ್ಕೆ ನಿಂತರೆ, ‘ಸದ್ಯ, ಇವತ್ತು ಲವಲವಿಕೆಯಿಂದಿದೆ’ ಎಂದು ತಾಯಿ ನೆಮ್ಮದಿಯ ಉಸಿರು ಬಿಡುತ್ತಾಳೆ. ಮಾತಿನ ಹಿಂದೆ ಮೂರು ರಾತ್ರಿಯ ಆತಂಕವಿದೆ; ಆದ್ದರಿಂದಲೇ ಅದಕ್ಕೆ ತೂಕವಿದೆ.

ಇದರ ನೆರೆಹೊರೆಯಲ್ಲಿ ಹುರುಪು, ಹುಮ್ಮಸ್ಸು, ಗೆಲವು ಮುಂತಾದ ಮಾತುಗಳುಂಟು. ಆದರೆ ಒಳಗಿನಿಂದ ಗುಳ್ಳೆಯೆದ್ದು ಮೇಲೆ ಬರುವ ಚೈತನ್ಯವನ್ನು ಕಣ್ಣಿಗೆ ಕಟ್ಟುವ ಮಾತೆಂದರೆ ‘ಉಕ್ಕು’. ಹಾಲು ಉಕ್ಕುತ್ತದೆ, ಹೊಳೆ ಉಕ್ಕುತ್ತದೆ, ನಗೆ ಉಕ್ಕುತ್ತದೆ, ದುಃಖವೂ ಉಕ್ಕುತ್ತದೆ. ಹಳಗನ್ನಡದಲ್ಲಿ ಉಕ್ಕು ಎಂದರೆ ಸೊಕ್ಕು, ಪರಾಕ್ರಮ ಎಂಬ ಅರ್ಥವೂ ಇತ್ತು. ಹೊಸ ಮನೆ ಹೊಕ್ಕ ದಿನ ಹಾಲುಕ್ಕಿಸುವುದು ಮಂಗಳ. ಮರುದಿನ ಅದೇ ಒಲೆಯ ಮೇಲೆ ಅದೇ ಹಾಲು ಉಕ್ಕಿದರೆ ಬೈಗಳು. ಮಗರಾಯ ಎಂದೂ ಇಲ್ಲದ ನಯವಿನಯದಿಂದ ಕಾಫಿ ಲೋಟ ತೊಳೆದಿಟ್ಟರೆ, ‘ಏನಪ್ಪಾ, ಇವತ್ತು ಪ್ರೀತಿ ಉಕ್ಕಿ ಹರೀತಾ ಇದೆ, ದುಡ್ಡು ಬೇಕಾಗಿತ್ತೇ?’ ಎಂದು ಕೇಳುವ ತಾಯಿಯೂ ಇದೇ ಮಾತನ್ನು ಬಳಸುತ್ತಾಳೆ. ನಿಜವಾದ ಉಕ್ಕು ಯಾವುದು, ತೋರಿಕೆಯದು ಯಾವುದೆಂಬ ವಿವೇಚನೆ ನಮ್ಮ ಅಡುಗೆಮನೆಗಳಲ್ಲಿ ಚೆನ್ನಾಗಿಯೇ ಇದೆ. ಅದು ವಿಮರ್ಶೆಗೂ ಬರಬೇಕೆಂಬುದಷ್ಟೇ ನನ್ನ ವಾದ.

ಗೋಲಿ ಸೋಡಾವನ್ನೇ ನೋಡಿ. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರು 1872ರಲ್ಲಿ ಹಕ್ಕು ಪಡೆದ ಶೀಷೆ ಅದು. ಒಳಗೆ ತುಂಬಿದ ಅನಿಲದ ಒತ್ತಡವೇ ಗೋಲಿಯನ್ನು ಕೊರಳಿಗೆ ಒತ್ತಿ ಹಿಡಿದು ಬಾಯಿ ಮುಚ್ಚುತ್ತದೆ. ಗೋಲಿಯನ್ನು ಒಳಕ್ಕೆ ಒತ್ತಿದರೆ ಬುಸ್ಸೆಂಬ ಸದ್ದು, ನೊರೆ, ಮೂಗಿಗೆ ಏರುವ ಚುಚ್ಚು. ಐದು ನಿಮಿಷ ಬಿಟ್ಟು ಕುಡಿದರೆ ಬರಿಯ ನೀರು. ಹುಡುಗಾಟ ನೀರಿನದಲ್ಲ, ಹೊರಗಿನಿಂದ ತುಂಬಿದ ಗಾಳಿಯದು. ಹಾಲಿನ ಸಂಗತಿ ಬೇರೆ. ಅದು ತನ್ನ ಸತ್ತ್ವದೊಡನೆಯೇ ಮೇಲೇಳುತ್ತದೆ. ಇಳಿದ ಮೇಲೂ ಹಾಲಾಗಿಯೇ ಉಳಿದು ಕೆನೆ ಕಟ್ಟುತ್ತದೆ. ನಗೆಬರಹವೊಂದನ್ನು ಎರಡನೆಯ ಸಲ ಓದಿದಾಗ ಸಪ್ಪೆ ನೀರು ಸಿಕ್ಕಿತೇ, ಕೆನೆ ಸಿಕ್ಕಿತೇ ಎಂದು ನೋಡಿದರೆ ಅರ್ಧ ವಿಮರ್ಶೆ ಮುಗಿಯಿತು.

ಉಳಿದರ್ಧವನ್ನು ಕೆರೆ ಕಲಿಸುತ್ತದೆ. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯಂಥ ದೊಡ್ಡ ಕೆರೆ ತುಂಬಿದಾಗ ಹೆಚ್ಚಿನ ನೀರು ಕೋಡಿಯಲ್ಲಿ ಹರಿದುಹೋಗುತ್ತದೆ. ಊರೇ ನೋಡಲು ನೆರೆಯುತ್ತದೆ. ಕೋಡಿಯಿಲ್ಲದೆ ತುಂಬಿದ ಕೆರೆ ಏರಿಯನ್ನೇ ಒಡೆದು ಗದ್ದೆಯನ್ನು ಕೊಚ್ಚುತ್ತದೆ. ಉಕ್ಕುವುದಕ್ಕೂ ಒಂದು ಅಂಚು ಬೇಕು. ಅಂಚಿಲ್ಲದ ಉಕ್ಕು ಬರಿಯ ಚೆಲ್ಲಾಟ.

ಈ ಎರಡು ಅಳತೆಗಳನ್ನು ಹಿಡಿದು ಗುಬ್ಬಿಯ ಕಡೆ ಹೊರಳೋಣ. 1884ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಕಂಪನಿಯನ್ನೂ, ಅದನ್ನು ನಾಡಿನ ಹೆಮ್ಮೆಯಾಗಿ ಬೆಳೆಸಿ 1972ರಲ್ಲಿ ತೀರಿಕೊಂಡ ಗುಬ್ಬಿ ವೀರಣ್ಣನವರನ್ನೂ ಕುರಿತು ವಿದ್ಯಾವಂತರ ತೀರ್ಪು ಬಹುಕಾಲ ಒಂದೇ ಆಗಿತ್ತು: ರಂಜನೆ ಸರಿ, ತಿರುಳಿಲ್ಲ. ಎಂದರೆ, ನೊರೆ. ಈ ಆಪಾದನೆ ಪೂರ್ತಿ ಸುಳ್ಳಲ್ಲ. ವೃತ್ತಿ ರಂಗಭೂಮಿಯಲ್ಲಿ ‘ಒನ್ಸ್ ಮೋರ್’ ಎಂಬ ಕೂಗಿಗೆ ಸತ್ತ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಸತ್ತ ಕಥೆಗಳನ್ನು ಹಿರಿಯರು ಹೇಳುತ್ತಿದ್ದರು. ಅಲ್ಲಿ ಏರಿ ಒಡೆದದ್ದು ನಿಜ.

ಆದರೆ ಬೆಳ್ಳಾವೆ ನರಹರಿ ಶಾಸ್ತ್ರಿಗಳ ‘ಸದಾರಮೆ’ಯಲ್ಲಿ ವೀರಣ್ಣನವರಿಗೆ ಹೆಸರು ತಂದ ಕಳ್ಳನ ಪಾತ್ರವನ್ನು ನೋಡಿ. ಅವನು ಸದಾರಮೆಯನ್ನು ಕದ್ದೊಯ್ಯುವವನು. ಕೊನೆಗೆ ಆಕೆಯ ಜಾಣತನಕ್ಕೆ ಸೋಲುವವನು. ಪ್ರೇಕ್ಷಕ ನಗುತ್ತಿರುವಾಗಲೇ ಒಂಟಿ ಹೆಣ್ಣೊಬ್ಬಳು ಅಪಾಯದಲ್ಲಿದ್ದಾಳೆಂಬುದು ಅವನ ಮನಸ್ಸಿನಲ್ಲಿರುತ್ತದೆ. ಆ ಭಯವೇ ಇಲ್ಲಿ ಕಾವು, ಕಥೆಯ ಕಟ್ಟೇ ಅಂಚು. ಹಾಸ್ಯವನ್ನು ತೆಗೆದುಬಿಟ್ಟರೆ ಕಥೆ ಬಿರುಸಾಗುತ್ತದೆ. ಭಯವನ್ನು ತೆಗೆದುಬಿಟ್ಟರೆ ಹಾಸ್ಯ ಸೋಡಾ ಆಗುತ್ತದೆ. ಎರಡೂ ಒಂದೇ ಪಾತ್ರೆಯಲ್ಲಿ ಕಾಯ್ದು ಮೇಲೆದ್ದದ್ದರಿಂದಲೇ ಆ ಕಳ್ಳ ಇಷ್ಟು ವರ್ಷ ಜನರ ನೆನಪಿನಲ್ಲಿ ಉಳಿದ. ಇದನ್ನು ನೊರೆಯೆಂದು ತಳ್ಳಿದ ವಿಮರ್ಶೆ ಸೋಡಾವನ್ನೂ ಹಾಲನ್ನೂ ಒಂದೇ ಲೋಟದಲ್ಲಿ ಅಳೆಯಿತು.

ಹಾಗೆಂದು ಸೋಡಾವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಏಪ್ರಿಲ್ ಮಧ್ಯಾಹ್ನ ತುಮಕೂರಿನ ಬಸ್ ನಿಲ್ದಾಣದಲ್ಲಿ ನಿಂತವನಿಗೆ ನಿಂಬೆಹುಳಿ, ಉಪ್ಪು ಬೆರೆಸಿದ ಸೋಡಾ ಅಮೃತವೇ ಸರಿ. ಆಗ ಬಿಸಿಹಾಲು ಕೊಡಬಂದವನನ್ನು ಯಾರೂ ಕ್ಷಮಿಸರು. ಕ್ಷಣದ ನಗೆಗೂ ಅದರದೇ ಹೊತ್ತುಂಟು. ಸೋಡಾವನ್ನು ಸೋಡಾ ಎಂದೇ ಹೊಗಳೋಣ. ತಪ್ಪಿರುವುದು, ಸದ್ದು ಮಾಡಿದ್ದನ್ನೆಲ್ಲ ‘ಲವಲವಿಕೆ’ ಎಂದು ಕರೆದು ಕೈತೊಳೆದುಕೊಳ್ಳುವುದರಲ್ಲಿ. ಹಾಗೆ ಕರೆದಾಗ ನೊರೆಯ ಲೇಖಕ ಮೋಸಹೋಗುತ್ತಾನೆ, ಉಕ್ಕಿನ ಲೇಖಕನಿಗೆ ಅನ್ಯಾಯವಾಗುತ್ತದೆ. ಮುಂದಿನ ಸಲ ಆ ಮಾತು ಲೇಖನಿಯ ತುದಿಗೆ ಬಂದಾಗ, ಜ್ವರ ಬಿಟ್ಟ ಮಗುವಿನ ತಾಯಿಯನ್ನು ಒಮ್ಮೆ ನೆನೆಯಬಹುದು. ಆಕೆ ಅದನ್ನು ಮೂರು ದಿನ ಕಾದು ಆಡಿದ್ದಳು.