‘ಖ್ಯಾತಿಯ’ ಗಾಯಕರೂ ಒಂದು ಪೆನ್‌ಡ್ರೈವೂ

ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ಇಳಿದರೆ ಸಾಕು, ಊರಲ್ಲಿ ಏನು ನಡೀತಿದೆ ಅಂತ ಫ್ಲೆಕ್ಸ್‌ಗಳೇ ಹೇಳಿಬಿಡ್ತವೆ. ಈ ಸಲ ವೀಕೆಂಡಿಗೆ ಬೆಂಗಳೂರಿಂದ ಬಂದಿಳಿದಾಗ ಕಂಡಿದ್ದು ರಸಮಂಜರಿ ಕಾರ್ಯಕ್ರಮದ ಫ್ಲೆಕ್ಸು. ಮೇಲೆ ಮುಖಂಡರ ದೊಡ್ಡ ಮುಖಗಳು, ಪಕ್ಕದಲ್ಲಿ ಮರಿ ಮುಖಂಡರ ಸಣ್ಣ ಮುಖಗಳು, ಕೆಳಗೆ ಮೂಲೆಯಲ್ಲಿ ಮೈಕ್ ಹಿಡಿದ ಇಬ್ಬರು ಹುಡುಗರು, ಒಬ್ಬಳು ಹುಡುಗಿ. ಹಾಡೋರ ಹೆಸರಿಗಿಂತ ಮುಂಚೆ ಟೀವಿ ಶೋ ಹೆಸರು, ಅದರ ಹಿಂದೆ ‘ಖ್ಯಾತಿಯ’ ಅನ್ನೋ ಪದ.

ಅಮೆರಿಕನ್ ಐಡಲ್ 2002ರಲ್ಲಿ ಶುರುವಾದ ವರ್ಷವೇ ತನ್ನ ಫೈನಲಿಸ್ಟ್‌ಗಳನ್ನ ಕರ್ಕೊಂಡು ಊರೂರಿಗೆ ಟೂರ್ ಹೊರಟಿತ್ತು. ಟಿಕೆಟ್ ತಗೊಂಡು ಜನ ಹೋಗ್ತಿದ್ರು. ನಮ್ಮ ಕಡೆ ಟೂರ್ ಅಂದ್ರೆ ಈ ಫ್ಲೆಕ್ಸೇ. ಗಣೇಶನ ಹಬ್ಬ, ರಾಜ್ಯೋತ್ಸವ, ದಸರಾ, ಊರ ಜಾತ್ರೆ. ಕಮಿಟಿಯವರು ಫೋನ್ ಮಾಡ್ತಾರೆ, ಗಾಯಕರು ಕಾರಲ್ಲಿ ಬರ್ತಾರೆ, ಹಾಡಿ ರಾತ್ರಿಯೇ ಹೊರಡ್ತಾರೆ. ಶೋ ಮುಗಿದ ಮೇಲೆ, ಮುಂದಿನ ಸೀಸನ್ನಿನ ಹೊಸ ಮುಖಗಳು ಬರೋ ತನಕ ಅವರಿಗಿರೋ ಕಾಲ ಅಷ್ಟೇ. ಅದರಲ್ಲಿ ದುಡೀಬೇಕು, ಹೆಸರು ಉಳಿಸ್ಕೋಬೇಕು. ಹಾಗಾಗಿ ನಾನು ಇದನ್ನ ಆಡಿಕೊಳ್ಳೋಕೆ ಬರೀತಿಲ್ಲ. ಈ ಕಾರ್ಯಕ್ರಮಗಳು ಇನ್ನೂ ಚೆನ್ನಾಗಿ ಆಗಬಹುದು, ಅದೂ ಹೆಚ್ಚಿನ ಖರ್ಚಿಲ್ಲದೆ, ಅಂತ ಹೇಳೋಕೆ ಬರೀತಿದ್ದೀನಿ.

ಮೊದಲು ಆ ಸಂಜೆಯ ಲೆಕ್ಕ. ಫ್ಲೆಕ್ಸಲ್ಲಿದ್ದ ಟೈಮು ಆರು ಗಂಟೆ. ಆರೂವರೆಗೆ ಕಂಸಾಳೆ ತಂಡದವರು ಬಂದು ಕುಣಿದರು. ಮುಂದಿನ ಕುರ್ಚಿಗಳಿನ್ನೂ ಖಾಲಿ, ಸೌಂಡ್‌ನವನು ‘ಹಲೋ ಚೆಕ್’ ಅಂತಾನೇ ಇದ್ದ. ಆಮೇಲೆ ಸ್ವಾಗತ, ದೀಪ, ಭಾಷಣ, ಶಾಲು, ಹಾರ, ಪೇಟ, ಇನ್ನೊಂದು ಭಾಷಣ. ಬಂಡೀಪುರದ ಗೇಟು ಹಾಕೋ ಹೊತ್ತಿಗೆ, ಅಂದ್ರೆ ಒಂಬತ್ತಕ್ಕೆ ಸರಿಯಾಗಿ, ಮೊದಲ ಹಾಡು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದ ಪ್ರಕಾರ, ಸರ್ಕಾರ ವಿಶೇಷ ವಿನಾಯಿತಿ ಕೊಟ್ಟ ದಿನ ಬಿಟ್ಟರೆ, ರಾತ್ರಿ 10ಕ್ಕೆ ಬಯಲಲ್ಲಿ ಧ್ವನಿವರ್ಧಕ ನಿಲ್ಲಿಸಬೇಕು. ಅಲ್ಲಿಗೆ ಮೂವರು ಗಾಯಕರಿಗೆ ಉಳಿದಿದ್ದು ಒಂದೇ ಒಂದು ಗಂಟೆ.

ಆ ಒಂದು ಗಂಟೇಲಿ ಹದಿನೇಳು ಹಾಡು! ನಾನು ಕೂತು ಎಣಿಸಿದೆ. ಪಲ್ಲವಿ, ಒಂದು ಚರಣ, ‘ಎಲ್ರೂ ಚಪ್ಪಾಳೆ’, ಮುಂದಿನ ಹಾಡು. ಪೂರ್ತಿ ಹಾಡಿದ್ದು ಎರಡೇ. ಹಿಂದೆ ವಾದ್ಯದವರು ಯಾರೂ ಇಲ್ಲ, ಲ್ಯಾಪ್‌ಟಾಪಿಗೆ ಚುಚ್ಚಿದ ಒಂದು ಪೆನ್‌ಡ್ರೈವ್. ಟ್ರ್ಯಾಕ್ ಎಷ್ಟು ಜೋರಾಗಿತ್ತು ಅಂದ್ರೆ, ಆ ಹುಡುಗಿ ಮೇಲಿನ ಷಡ್ಜ ಮುಟ್ಟಿದಳೋ ಇಲ್ಲವೋ ಅನ್ನೋದು ಅವಳಿಗೂ ಕೇಳಿಸಿರಲಿಕ್ಕಿಲ್ಲ. ಇದೇ ಹುಡುಗಿ ಟೀವಿಯಲ್ಲಿ ಹಾಡುವಾಗ ನಮ್ಮಮ್ಮ ಒಗ್ಗರಣೆ ಬಿಟ್ಟು ಹಾಲ್‌ಗೆ ಬರ್ತಿದ್ದರು.

ನನ್ನ ಪಕ್ಕ ಮಾವ ಕೂತಿದ್ದರು. ಮಾವ ಇಪ್ಪತ್ತು ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವರು. ನಂಜನಗೂಡಿಂದ ಕೊಳ್ಳೇಗಾಲದ ತನಕ ಅವರು ಹತ್ತದ ಸ್ಟೇಜಿಲ್ಲ. “ನಿಮ್ಮನ್ನ ಯಾಕೆ ಕರೀತಿಲ್ಲ ಮಾವ?” ಅಂದೆ. “ಈಗೆಲ್ಲಾನೂ ಪೆನ್‌ಡ್ರೈವಲ್ಲೇ ಅದ ಕನವ್ವ. ಅದು ಊಟ ಕೇಳಲ್ಲ, ಬಸ್‌ಚಾರ್ಜು ಕೇಳಲ್ಲ” ಅಂದರು. ನಕ್ಕುಕೊಂಡೇ ಅಂದಿದ್ದು. ನನಗೆ ನಗು ಬರಲಿಲ್ಲ.

ಯಾರನ್ನೇ ಕೇಳಿ, ‘ಜನಕ್ಕೆ ಇದೇ ಬೇಕು, ಈಗ ಯಾರಿಗೂ ತಾಳ್ಮೆ ಇಲ್ಲ’ ಅಂತಾರೆ. ಬೇರೆ ಎಲ್ಲಿ ಈ ಮಾತು ಹೇಳಿದ್ರೂ ಸುಮ್ಮನಿರ್ತಿದ್ದೆನೇನೋ. ಚಾಮರಾಜನಗರ ಜಿಲ್ಲೇಲಿ ಹೇಳಿದ್ರೆ ಒಪ್ಪೋದು ಕಷ್ಟ. ದೇವರ ಗುಡ್ಡರು ಕಂಸಾಳೆ ಹಿಡಿದು ಮಾದಪ್ಪನ ಕಥೆ ಹಾಡೋಕೆ ಕೂತರೆ ಒಂದು ರಾತ್ರಿಗೆ ಮುಗಿಯಲ್ಲ. ನೀಲಗಾರರು ತಂಬೂರಿ, ಗಗ್ಗರ, ಡಕ್ಕೆ ಹಿಡಿದು ಮಂಟೇಸ್ವಾಮಿಯ ಕಾವ್ಯ ಎತ್ತಿಕೊಂಡರೆ ಬೆಳಗಾಗುತ್ತೆ. ಚಿಕ್ಕಲ್ಲೂರು ಜಾತ್ರೆಗೆ ಹೋದವರನ್ನ ಕೇಳಿ. ಬನದ ಹುಣ್ಣಿಮೆಯ ಚಳೀಲಿ ಕಂಬಳಿ ಹೊದ್ದು ಕೂತು ಕೇಳೋ ಜನಕ್ಕೆ ಐದು ನಿಮಿಷದ ಹಾಡು ಉದ್ದ ಆಯ್ತು ಅಂದ್ರೆ ನಂಬೋದು ಹೇಗೆ?

ಟೀವಿ ಶೋಗಳೂ ಇದನ್ನ ಒಂದಲ್ಲ ಎರಡು ಸಲ ತೋರಿಸಿಕೊಟ್ಟಿವೆ. ಈಟೀವಿ ಕನ್ನಡದ ‘ಎದೆ ತುಂಬಿ ಹಾಡುವೆನು’ ನೋಡಿ ಬೆಳೆದವರಿಗೆ ನೆನಪಿರುತ್ತೆ. ಎಸ್.ಪಿ.ಬಾಲಸುಬ್ರಹ್ಮಣ್ಯಂ ಹಾಡು ಯಾರು ಬರೆದದ್ದು, ರಾಗ ಕೂಡಿಸಿದ್ದು ಯಾರು, ಅದರ ಕಷ್ಟ ಎಲ್ಲಿದೆ ಅಂತ ಕಥೆ ಥರ ಹೇಳೋರು. ನಾವು ಹಾಡಿಗೆ ಎಷ್ಟೋ, ಆ ಮಾತಿಗೂ ಅಷ್ಟೇ ಕಾಯ್ತಿದ್ವಿ. ಜೀ ಕನ್ನಡದ ‘ಸರಿಗಮಪ’ 15ನೇ ಸೀಸನ್ನಲ್ಲಿ ಹಾವೇರಿ ಜಿಲ್ಲೆಯ ಕುರಿಗಾಹಿ ಹನುಮಂತ ಜನಪದ ಹಾಡಿ ರನ್ನರ್‌ಅಪ್ ಆದಾಗ ಮನೆಮನೇಲೂ ಅವನದೇ ಮಾತು. ಅಂದ್ರೆ, ಹಾಡಿನ ಬಗ್ಗೆ ಮಾತಾಡಿದ್ರೂ ಜನ ಕೇಳ್ತಾರೆ, ನಮ್ಮ ಕಡೆಯ ದನಿಗೂ ಕಿವಿ ಕೊಡ್ತಾರೆ. ಸ್ಟೇಜಿಗೆ ಬರುವಾಗ ಇವೆರಡನ್ನೂ ಟೀವೀಲೇ ಬಿಟ್ಟು, ಲೈಟು, ಹೊಗೆ, ಚಪ್ಪಾಳೆ ಮಾತ್ರ ತರೋದು ಯಾವ ನ್ಯಾಯ?

ಇದೆಲ್ಲ ಬರೀ ಆಸೆ ಅನ್ನಬೇಡಿ. ಕೆಲವು ತಿಂಗಳ ಹಿಂದೆ ಚಾಮರಾಜನಗರದಲ್ಲೇ ಬೇರೊಂದು ಕಾರ್ಯಕ್ರಮ ನೋಡಿದ್ದೆ. ತೆರಕಣಾಂಬಿ ಮೇಲೆ ಬಸ್ಸಲ್ಲಿ ಹೋದರೆ ಗಂಟೆಯ ದಾರಿ. ಅಲ್ಲೂ ಒಬ್ಬಳು ‘ಖ್ಯಾತಿಯ’ ಗಾಯಕಿ. ಆದರೆ ಜೊತೆಗೆ ನಾಲ್ಕು ಜನ ವಾದ್ಯದವರು: ಕೀಬೋರ್ಡ್, ತಬಲಾ, ಕೊಳಲು, ರಿದಂ ಪ್ಯಾಡ್. ಪ್ರತಿ ಹಾಡಿಗೂ ಮುಂಚೆ ಬರೆದವರ, ಸಂಗೀತ ಕೊಟ್ಟವರ ಹೆಸರು ಹೇಳಿದಳು. ಎರಡು ಗಂಟೇಲಿ ಹನ್ನೆರಡೇ ಹಾಡು, ಎಲ್ಲವೂ ಪೂರ್ತಿ. ನಡುವೆ ಒಂದು ಮಾದಪ್ಪನ ಪದ. ಕೊಳಲಿನವರು ಸ್ವಲ್ಪ ಬೆಳೆಸಿದರು, ಅವಳೂ ಬೆಳೆಸಿದಳು, ಹಿಂದಿನ ಸಾಲಿನ ಹೆಂಗಸರು ಸೊಲ್ಲು ಹಿಡಿದರು. ಹತ್ತು ನಿಮಿಷ ದಾಟಿತ್ತು, ಒಬ್ಬರೂ ಏಳಲಿಲ್ಲ. ಒಂದೆರಡು ಕಡೆ ಅವಳ ಶ್ರುತಿ ಜಾರಿತು. ಜಾರಿದ್ದು ನಮಗೆ ಕೇಳಿಸ್ತು ಅನ್ನೋದೇ ನನಗೆ ಖುಷಿ. ಟೀವೀಲಿ ಎಡಿಟ್ ಆಗಿ ಬರೋ ದನಿ ಅಲ್ಲ ಅದು, ನಮ್ಮೆದುರು ನಿಂತವಳ ದನಿ.

ಹಾಗಾಗಿ ಕಮಿಟಿಯವರಲ್ಲಿ ನನ್ನ ಬೇಡಿಕೆ ನಾಲ್ಕೇ. ಒಂದು, ಸನ್ಮಾನ ಎಷ್ಟಾದರೂ ಇರಲಿ, ಏಳೂವರೆಗೆ ಮುಗಿಸಿ. ಎರಡು, ಮೂರು ‘ಖ್ಯಾತಿ’ಗಳ ಬದಲು ಒಂದನ್ನ ಕರೆಸಿ, ಉಳಿದ ದುಡ್ಡಲ್ಲಿ ಇದೇ ಜಿಲ್ಲೆಯ ನಾಲ್ಕು ವಾದ್ಯದವರನ್ನ ಕೂರಿಸಿ, ಒಂದು ದಿನ ಮುಂಚೆ ಒಟ್ಟಿಗೆ ಪ್ರಾಕ್ಟೀಸ್ ಮಾಡಿಸಿ. ಮೂರು, ಕಂಸಾಳೆಯವರನ್ನ, ನೀಲಗಾರರನ್ನ ಖಾಲಿ ಕುರ್ಚಿಗಳ ಮುಂದೆ ನಿಲ್ಲಿಸಬೇಡಿ. ಎಂಟೂವರೆಗೆ, ಮೈದಾನ ತುಂಬಿರುವಾಗ ಅರ್ಧ ಗಂಟೆ ಕೊಡಿ. ತಂಬೂರಿಗೆ ಒಂದು, ಗಗ್ಗರಕ್ಕೆ ಒಂದು ಬೇರೆ ಬೇರೆ ಮೈಕ್ ಇಡಿ. ಫ್ಲೆಕ್ಸಲ್ಲಿ ‘ಜಾನಪದ ತಂಡ’ ಅಂತ ಬರೆದು ಬಿಡಬೇಡಿ, ಹಾಡೋರ ಹೆಸರು ಹಾಕಿ. ನಾಲ್ಕು, ಹಾಡು ಪೂರ್ತಿ ಹಾಡಿಸಿ.

ಗಾಯಕರಿಗೂ ಒಂದು ಮಾತು. ‘ಖ್ಯಾತಿಯ’ ಅನ್ನೋದು ಶೋ ಕೊಟ್ಟ ಸಾಲ. ಮುಂದಿನ ಸೀಸನ್ ಬಂದಾಗ ವಾಪಸ್ ತಗೊಳ್ಳುತ್ತೆ. ಟೀವೀಲಿ ನಿಮಗೆ ಸಿಕ್ಕಿದ್ದು ಐದು ನಿಮಿಷ. ಪೂರ್ತಿ ಎರಡು ಗಂಟೆ ನಿಮ್ಮದೇ ಆಗೋದು ನಮ್ಮೂರ ಮೈದಾನದಲ್ಲಿ. ಆ ಗಾಯಕಿಯ ಶೋ ಹೆಸರು ನಮ್ಮಮ್ಮನಿಗೆ ಈಗ ಮರೆತುಹೋಗಿದೆ. “ಮಾದಪ್ಪನ ಪದ ಹಾಡ್ದಳಲ್ಲ ಆ ಹುಡುಗಿ” ಅಂತಾರೆ. ಅದಕ್ಕಿಂತ ದೊಡ್ಡ ಖ್ಯಾತಿ ಏನಿದೆ?

ಅಂದಹಾಗೆ, ನಮ್ಮ ಬೀದಿಯ ಗಣೇಶನ ಕಮಿಟೀಲಿ ಈ ವರ್ಷ ನನ್ನ ತಮ್ಮನೂ ಇದ್ದಾನೆ. ಪಟ್ಟಿ ಇವನಿಗೆ ಕಳಿಸಿದ್ದೀನಿ. ಮಾವನ ಕೀಬೋರ್ಡು ಅಟ್ಟದ ಮೇಲೆ ಬೆಡ್‌ಶೀಟ್ ಸುತ್ತಿಕೊಂಡು ಮಲಗಿದೆ. ಇಳಿಸಿ ನೋಡಿದೆವು, ಕೀಗಳೆಲ್ಲ ಸರಿ ಇವೆ. ಅಡಾಪ್ಟರ್ ಒಂದು ಹೊಸದು ತರಬೇಕು.