ಬೀಸೆಕಲ್ಲು: ಹಾಸ್ಯವೋ ಅದ್ಭುತವೋ?

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕಾದಂಬರಿಯಲ್ಲಿ ಪಾದ್ರಿಯ ಬೈಸಿಕಲ್ಲು ತೀರ್ಥಹಳ್ಳಿ ಸೀಮೆಯ ಕಾಡುಹಾದಿಗೆ ಬರುವ ಪ್ರಸಂಗವನ್ನು ವಾಚಕರು ಬಲ್ಲರು. ಜನರ ಬಾಯಲ್ಲಿ ಅದು ‘ಬೀಸೆಕಲ್ಲು’ ಆಗುವುದನ್ನು ಓದಿ ನಗದವರು ವಿರಳ. ಆದರೆ ಆ ಪ್ರಸಂಗವನ್ನು ಹಾಸ್ಯರಸಕ್ಕೆ ಸೇರಿಸಿ ಮುಂದೆ ಸಾಗುವುದು ನನಗೆ ಸಮ್ಮತವಲ್ಲ. ಅಲ್ಲಿಯ ಸ್ಥಾಯಿಭಾವ ವಿಸ್ಮಯ, ರಸ ಅದ್ಭುತ. ಹಿಂದೆ ಕಾಣದ ವಸ್ತುವನ್ನು ಮನೆಯ ಬೀಸುವ ಕಲ್ಲಿನ ಹೆಸರಿನಿಂದ ಪಳಗಿಸಿಕೊಂಡವರ ಭಾಷಾಶಕ್ತಿಯನ್ನು ಅಜ್ಞಾನವೆಂದು ಕರೆಯುವುದು ಸಲ್ಲದು. ಬೆಟ್ಟಳ್ಳಿಯ ದೇವಯ್ಯನಿಗಾದರೋ ಆ ಚಕ್ರದ ಮೋಹವೂ ಪಾದ್ರಿಯ ಮತದ ಆಕರ್ಷಣೆಯೂ ಒಂದರೊಡನೊಂದು ಹೆಣೆದುಕೊಂಡಿವೆ. ತರುಣನ ಈ ಒಳತೋಟಿಯ ಬಳಿ ಕವಿ ಇನ್ನಷ್ಟು ಹೊತ್ತು ನಿಲ್ಲಬೇಕಿತ್ತೆಂಬುದೊಂದೇ ನನ್ನ ಆಕ್ಷೇಪ.

ನಾ. ಡಿಸೋಜರ ‘ದ್ವೀಪ’ದಲ್ಲಿ ಯಂತ್ರಯುಗವು ಏರುವ ನೀರಾಗಿ ಬರುತ್ತದೆ, ಅಲ್ಲಿ ನಗುವಿಗೆ ಎಡೆಯಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು, ಶರಾವತಿಯ ವಿದ್ಯುತ್ತು ದೂರದ ಪಟ್ಟಣಗಳನ್ನು ಬೆಳಗುತ್ತಿದ್ದಾಗಲೂ, ವರದಹಳ್ಳಿಯ ನಮ್ಮ ಮನೆಯಲ್ಲಿ ನಾವು ಚಿಮಣಿಬುಡ್ಡಿಯ ಮುಂದೆ ಶಬ್ದರೂಪಗಳನ್ನು ಉರುಹೊಡೆಯುತ್ತಿದ್ದೆವು. ಕೊನೆಗೆ ವಿದ್ಯುದ್ದೀಪ ಹೊತ್ತಿದ ಸಂಜೆ ಅಜ್ಜಿ ಅದಕ್ಕೂ ಕೈಮುಗಿದರು. ಮಕ್ಕಳಾದ ನಾವು ನಕ್ಕೆವು. ‘ಬೀಸೆಕಲ್ಲಿ’ನ ಪುಟಗಳನ್ನು ಎರಡನೆಯ ಸಲ ಓದುವಾಗ ಆ ನಗೆ ನೆನಪಾಗಿ ಪುಸ್ತಕವನ್ನು ಮುಚ್ಚಿಟ್ಟೆ.